ಬ್ರಾಂಚ್ ಇಲ್ಲದ ಡಿಗ್ರಿ: ಇಂಗ್ಲೆಂಡಿನಲ್ಲಿ ಮಕ್ಕಳನ್ನು ಓದಿಸುವ ಕಲಬುರಗಿಯವರಿಗೆ

ಇಂಗ್ಲೆಂಡಿನಲ್ಲಿ ನಮ್ಮ ಪಿಯುಸಿಯಂಥ ಎ ಲೆವೆಲ್ ರಿಸಲ್ಟ್ ಬರುವುದು ಆಗಸ್ಟ್ ತಿಂಗಳ ಒಂದು ಗುರುವಾರ, ಬೆಳಿಗ್ಗೆ ಎಂಟಕ್ಕೆ. ಕಲಬುರಗಿಯಲ್ಲಿ ಆಗ ಮಧ್ಯಾಹ್ನ ಹನ್ನೆರಡೂವರೆ. ಆ ವರ್ಷ ನಾವು ಶ್ರಾವಣಕ್ಕೆ ಊರಿಗೆ ಬಂದಿದ್ದೆವು. ಅಪ್ಪನ ಕೆರೆ ಹತ್ತಿರ ಅಣ್ಣನ ಮನೆ. ಕರೆಂಟ್ ಹೋಗಿತ್ತು. ಮಗಳು ಫೋನ್ ಹಿಡಿದುಕೊಂಡು ಕಟ್ಟೆ ಮೇಲೆ ಕುಳಿತಿದ್ದಳು, ಸುತ್ತ ನಾವೆಲ್ಲ. ಕೊನೆಗೂ ಪುಟ ತೆರೆಯಿತು. ಸೀಟು ಸಿಕ್ಕಿತ್ತು.

"ಯಾ ಬ್ರಾಂಚ್?" ಅಂದ ಅಣ್ಣ.

"ನ್ಯಾಚುರಲ್ ಸೈನ್ಸಸ್, ದೊಡ್ಡಪ್ಪ."

"ಅದು ಹೌದವ್ವಾ, ಬ್ರಾಂಚ್ ಯಾವ್ದು?"

ಮೂರು ಸಲ ಹೇಳಿ ನೋಡಿದಳು. ಸಂಜೆ ಹೊತ್ತಿಗೆ ಅಣ್ಣ ಓಣಿಗೆಲ್ಲ "ನಮ್ಮ ಹುಡುಗಿ ಲಂಡನ್‌ದಾಗ ಫಿಸಿಕ್ಸ್ ಓದ್ತಾಳ" ಅಂತ ಹೇಳಿ ಮುಗಿಸಿದ್ದ. ಅವಳು ಹೋಗಿದ್ದು ಲಂಡನ್ನಿಗೂ ಅಲ್ಲ.

ಅಣ್ಣನ ತಪ್ಪಿಲ್ಲ. ನಮಗೆ ಗೊತ್ತಿರುವ ವ್ಯವಸ್ಥೆ ಸಿಇಟಿ. ಮೊದಲು ರ‍್ಯಾಂಕ್, ಆಮೇಲೆ ಆಪ್ಷನ್ ಎಂಟ್ರಿ. ಕಾಲೇಜು, ಬ್ರಾಂಚು ಎಷ್ಟು ಬೇಕಾದರೂ ತುಂಬಬಹುದು, ರ‍್ಯಾಂಕ್ ಎಲ್ಲಿಗೆ ತಲುಪಿಸುತ್ತದೋ ಅಲ್ಲಿಗೆ. ಇಂಗ್ಲೆಂಡಿನಲ್ಲಿ ಇದು ಪೂರ್ತಿ ಉಲ್ಟಾ. ಪರೀಕ್ಷೆಗೆ ತಿಂಗಳುಗಟ್ಟಲೆ ಮೊದಲೇ ಕೋರ್ಸಿನ ಹೆಸರು ಬರೆದು ಅರ್ಜಿ ಹಾಕಬೇಕು. ಅದೂ ಐದೇ ಐದು. ಸೇರಿದ ಮೇಲೆ ಬದಲಾಯಿಸುವುದು ಕಷ್ಟ. ಹದಿನೇಳರ ಮಗುವಿಗೆ ಕೆಮಿಸ್ಟ್ರಿಯೂ ಬೇಕು, ಬಯಾಲಜಿಯೂ ಬೇಕು, ಕೋಡಿಂಗೂ ಇಷ್ಟ ಅಂದರೆ ಏನು ಮಾಡುವುದು? ಆ ಆಯ್ಕೆಯನ್ನು ಒಂದೆರಡು ವರ್ಷ ಮುಂದಕ್ಕೆ ಹಾಕಲು ಇರುವ ದಾರಿಯೇ ನ್ಯಾಚುರಲ್ ಸೈನ್ಸಸ್ ಥರದ, ಹಲವು ವಿಷಯ ಸೇರಿಸಿ ಓದಿಸುವ ಬೆರಕೆ ಡಿಗ್ರಿಗಳು.

ಇವು ಹೊಸ ಫ್ಯಾಷನ್ ಏನಲ್ಲ. ಕೇಂಬ್ರಿಡ್ಜ್‌ನಲ್ಲಿ ನ್ಯಾಚುರಲ್ ಸೈನ್ಸಸ್‌ನ ಮೊದಲ ಪರೀಕ್ಷೆ ನಡೆದಿದ್ದು 1851ರಲ್ಲಿ. ಅಲ್ಲಿ ಮೊದಲ ವರ್ಷ ಮೂರು ವಿಜ್ಞಾನ ವಿಷಯ, ಜೊತೆಗೆ ಗಣಿತ. ಮುಂದಿನ ವರ್ಷ ಒಂದಿಷ್ಟು ಬಿಡುತ್ತಾರೆ, ಮೂರನೇ ವರ್ಷಕ್ಕೆ ಸಾಮಾನ್ಯವಾಗಿ ಒಂದರಲ್ಲಿ ಗಟ್ಟಿಯಾಗುತ್ತಾರೆ. ಡರ್ಹಮ್, ಯುಸಿಎಲ್ (ಯೂನಿವರ್ಸಿಟಿ ಕಾಲೇಜ್ ಲಂಡನ್), ಬಾತ್, ಎಕ್ಸೆಟರ್, ಲ್ಯಾಂಕಾಸ್ಟರ್, ಯಾರ್ಕ್‌ಗಳಲ್ಲೂ ಇದೇ ಹೆಸರಿನ ಕೋರ್ಸ್ ಇದೆ. ಆಕ್ಸ್‌ಫರ್ಡ್‌ನಲ್ಲಿ ಇಲ್ಲ. ವಿಜ್ಞಾನದ ಜೊತೆ ಇತಿಹಾಸವೋ ಭಾಷೆಯೋ ಬೇಕು ಅನ್ನುವವರಿಗೆ ಯುಸಿಎಲ್‌ನಲ್ಲಿ 2012ರಿಂದ ಆರ್ಟ್ಸ್ ಅಂಡ್ ಸೈನ್ಸಸ್ ಅನ್ನುವ ಡಿಗ್ರಿ ಇದೆ. ಎಂಜಿನಿಯರಿಂಗ್ ಕಡೆಯೂ ಇಂಥದ್ದುಂಟು: ಕೇಂಬ್ರಿಡ್ಜ್, ಆಕ್ಸ್‌ಫರ್ಡ್ ಎರಡರಲ್ಲೂ ಮೊದಲ ಎರಡು ವರ್ಷ ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಅಂತ ಭೇದವಿಲ್ಲ. ಎಲ್ಲರಿಗೂ ಒಂದೇ ಅಡುಗೆ, ಆಮೇಲೆ ಅವರವರ ತಟ್ಟೆ. ಸ್ಕಾಟ್‌ಲೆಂಡ್‌ನಲ್ಲಂತೂ ಆನರ್ಸ್ ಡಿಗ್ರಿಯೇ ನಾಲ್ಕು ವರ್ಷ, ಮೊದಲ ಎರಡು ವರ್ಷ ಬೇರೆ ವಿಷಯಗಳನ್ನೂ ಓದಲು ಜಾಸ್ತಿ ಜಾಗ ಇರುತ್ತದೆ.

"ಎಲ್ಲಾ ಸ್ವಲ್ಪ ಸ್ವಲ್ಪ ಕಲಿತು ಏನ್ ಮಾಡ್ತಾರ?" ಇದು ಅಣ್ಣನ ಎರಡನೇ ಪ್ರಶ್ನೆ. ಉತ್ತರ ಅವನ ಹೊಲದಲ್ಲೇ ಇತ್ತು. ಹಿಂದಿನ ವರ್ಷ ಅವನ ತೊಗರಿಗೆ ನೆಟೆ ರೋಗ ಬಂದಿತ್ತು. ಕಾಯಿ ಕಟ್ಟುವ ಹೊತ್ತಿಗೆ ಗಿಡ ನಿಂತಲ್ಲೇ ಒಣಗಿ ಹೋಯಿತು. ಕಾರಣ ಮಣ್ಣಿನಲ್ಲಿರುವ ಫ್ಯುಸೇರಿಯಂ ಶಿಲೀಂಧ್ರ. ಬೇರಿನಿಂದ ಹತ್ತಿ ನೀರು ಹೋಗುವ ನಾಳವನ್ನೇ ಮುಚ್ಚಿಬಿಡುತ್ತದೆ, ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ. ಶಿಲೀಂಧ್ರ ಬಯಾಲಜಿಯವರ ಪಾಲು. ಮಣ್ಣು ಕೆಮಿಸ್ಟ್ರಿಯವರದ್ದು. ಎಷ್ಟು ಎಕರೆ ಒಣಗಿದೆ ಅಂತ ಉಪಗ್ರಹದ ಚಿತ್ರದಲ್ಲಿ ನೋಡಬೇಕಾದರೆ ಫಿಸಿಕ್ಸ್ ಮತ್ತು ಕಂಪ್ಯೂಟರ್ ಬೇಕು. ರೋಗ ತಡೆಯುವ ತಳಿ ಬೇಕು ಅಂದರೆ ಜೀನುಗಳನ್ನು ಓದಬೇಕು. ಹೈದರಾಬಾದಿಗೆ ಹೋಗುವ ದಾರಿಯಲ್ಲಿ ಪಟನಚೆರು ಬರುತ್ತದಲ್ಲ, ಅಲ್ಲಿನ ಕೃಷಿ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಮುಂದಾಳುತನದಲ್ಲಿ 2011ರಲ್ಲಿ ತೊಗರಿಯ ಜೀನೋಮ್, ಅಂದರೆ ಜೀನುಗಳ ನಕ್ಷೆಯ ಕರಡು ಪ್ರಕಟವಾಯಿತು. ಆ ಕೆಲಸದಲ್ಲಿ ಗಿಡ ಬಲ್ಲವರೂ ಇದ್ದರು, ಕಂಪ್ಯೂಟರ್ ಬಲ್ಲವರೂ ಇದ್ದರು. ಇಬ್ಬರ ಮಾತೂ ಅರ್ಥವಾಗುವವರು ಕೆಲವರಾದರೂ ಬೇಡವೇ? ಅಣ್ಣ ಇದಕ್ಕೆ ಗೋಣು ಹಾಕಿದ. ಒಪ್ಪಿದನೋ, ಸುಮ್ನೆ ಹಾಕಿದನೋ ಗೊತ್ತಿಲ್ಲ.

ಸರಿ, ಈಗ ಕೆಲಸದ ಮಾತು. ಇಂಗ್ಲೆಂಡಿನಲ್ಲಿ ನಮ್ಮವರು ಎಡವುವುದು ಯೂನಿವರ್ಸಿಟಿ ಅರ್ಜಿಯಲ್ಲಿ ಅಲ್ಲ. ಎರಡು ವರ್ಷ ಮೊದಲು. ಹದಿನಾರಕ್ಕೆ ನಮ್ಮ ಎಸೆಸೆಲ್ಸಿಯಂಥ ಜಿಸಿಎಸ್‌ಇ ಮುಗಿದ ಕೂಡಲೇ ಎ ಲೆವೆಲ್‌ಗೆ ಮೂರು ವಿಷಯ ಆರಿಸಬೇಕು. ಮೂರೇ. ಪಿಸಿಎಂಬಿ ಓದಿದ ನಮಗೆ ಇದು ತಲೆಗೆ ಹೋಗುವುದೇ ಇಲ್ಲ. ಇಲ್ಲಿ ಗಣಿತ ಬಿಟ್ಟರೆ ಬೆರಕೆ ವಿಜ್ಞಾನದ ಬಾಗಿಲು ಬಹಳ ಕಡೆ ಮುಚ್ಚಿ ಹೋಗುತ್ತದೆ. ಒಂದು ಶಾಲೆಯಲ್ಲಿ ನಮಗೆ "ನಿಮ್ಮ ಮಗಳಿಗೆ ಇಷ್ಟವಿರುವುದನ್ನು ತೆಗೆದುಕೊಳ್ಳಲಿ, ಮುಂದೆ ನೋಡೋಣ" ಅಂದರು. ಕೇಳಲು ಚಂದ. ಅವಳು ಬಯಾಲಜಿ, ಕೆಮಿಸ್ಟ್ರಿ, ಸೈಕಾಲಜಿ ಬರೆದು ಬಂದಳು. ಮೂರನೇ ವಾರದಲ್ಲಿ ಯೂನಿವರ್ಸಿಟಿ ಪುಟಗಳನ್ನು ನೋಡಿ ಗಾಬರಿಯಾಗಿ ಓಡಿ ಹೋಗಿ ಸೈಕಾಲಜಿ ಬಿಡಿಸಿ ಗಣಿತ ಹಾಕಿಸಿದೆವು. ಇನ್ನೊಂದು ತಿಂಗಳು ತಡವಾಗಿದ್ದರೆ ಆಗುತ್ತಿರಲಿಲ್ಲ. ನನ್ನ ಕೇಳಿದರೆ: ಗಣಿತ, ಜೊತೆಗೆ ಎರಡು ವಿಜ್ಞಾನ. ಮಗುವಿಗೆ ತಾಕತ್ತಿದ್ದರೆ ನಾಲ್ಕನೆಯದು. ಇಲ್ಲದಿದ್ದರೆ ಒತ್ತಾಯ ಬೇಡ, ಯೂನಿವರ್ಸಿಟಿಗಳು ಮೂರನ್ನೇ ಕೇಳುತ್ತವೆ. ಮೂರು ಒಳ್ಳೆಯ ಗ್ರೇಡು ನಾಲ್ಕು ಸಾಧಾರಣ ಗ್ರೇಡಿಗಿಂತ ವಾಸಿ.

ಅರ್ಜಿಯ ವಿಷಯ ಬೇಗ ಹೇಳುತ್ತೇನೆ. ಎಲ್ಲವೂ ಯುಕಾಸ್ (UCAS) ಅನ್ನುವ ಕೇಂದ್ರ ಅರ್ಜಿ ವ್ಯವಸ್ಥೆಯ ಮೂಲಕ. ಒಂದೇ ಫಾರ್ಮ್, ಐದು ಕೋರ್ಸ್. ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಇದ್ದರೆ ಅಕ್ಟೋಬರ್ 15 ಕೊನೆ ದಿನ, ಅದೂ ಎರಡರಲ್ಲಿ ಒಂದಕ್ಕೆ ಮಾತ್ರ. ಉಳಿದವಕ್ಕೆ ಜನವರಿ. ಕೇಂಬ್ರಿಡ್ಜ್ ನ್ಯಾಚುರಲ್ ಸೈನ್ಸಸ್‌ಗೆ ಈಸ್ಯಾಟ್ (ESAT) ಅನ್ನುವ ಪ್ರವೇಶ ಪರೀಕ್ಷೆಯೂ ಇದೆ, ಅದಕ್ಕೆ ಪ್ರತ್ಯೇಕವಾಗಿ ಹೆಸರು ನೋಂದಾಯಿಸಬೇಕು. ಇದನ್ನು ಮರೆತು ಕೈಸುಟ್ಟುಕೊಂಡವರಿದ್ದಾರೆ. ಮಗು ತನ್ನ ಬಗ್ಗೆ ಬರೆಯುವ ಪರ್ಸನಲ್ ಸ್ಟೇಟ್‌ಮೆಂಟ್ ಐದೂ ಕಡೆಗೆ ಒಂದೇ ಹೋಗುತ್ತದೆ. 2026ರ ಪ್ರವೇಶದಿಂದ ಅದು ಮೂರು ಪ್ರಶ್ನೆಗಳಿಗೆ ಉತ್ತರ, ಒಟ್ಟು 4,000 ಅಕ್ಷರ. ಬೆರಕೆ ಡಿಗ್ರಿಯವರಿಗೆ ಇದೇ ತೊಡಕು. ಎರಡು ಕಡೆ ನ್ಯಾಚುರಲ್ ಸೈನ್ಸಸ್, ಮೂರು ಕಡೆ ಬರೀ ಕೆಮಿಸ್ಟ್ರಿ ಹಾಕಿದರೆ ಒಂದೇ ಬರಹ ಇಬ್ಬರಿಗೂ ಒಪ್ಪಬೇಕು. ಒಂದು ವಿಷಯದಿಂದ ಇನ್ನೊಂದಕ್ಕೆ ದಾಟಿದ ಒಂದೇ ಪ್ರಶ್ನೆ ಹಿಡಿದು ಬರೆದರೆ ಹೊಂದುತ್ತದೆ. ನನ್ನ ಮಗಳು ಬರೆದಿದ್ದು ಬೀದರಿನ ಬಿದರಿ ಕಲೆಯ ಬಗ್ಗೆ. ಬೆಳ್ಳಿ ಕೂರಿಸಿದ ಸತು, ತಾಮ್ರದ ಪಾತ್ರೆಗೆ ಕೋಟೆಯ ಮಣ್ಣು, ನವಸಾಗರ ಬೆರೆಸಿ ಉಜ್ಜಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಯಾಕೆ? ಅತ್ತೆ ಮನೆಯ ಹೂದಾನಿ ಕೊನೆಗೂ ಉಪಯೋಗಕ್ಕೆ ಬಂತು.

ಕೋರ್ಸ್ ಆರಿಸುವಾಗ ಹೆಸರಿಗೆ ಮರುಳಾಗಬೇಡಿ. ಮೊದಲ ವರ್ಷದ ಮಾಡ್ಯೂಲ್ ಪಟ್ಟಿ ತೆರೆಯಿರಿ. ಯಾವುದು ಕಡ್ಡಾಯ, ಯಾವುದನ್ನು ಯಾವ ವರ್ಷ ಬಿಡಬಹುದು, ಬಿಟ್ಟ ಮೇಲೆ ವಾಪಸ್ ಬರಬಹುದೇ. ಕೆಲವು ಕಡೆ ಮೊದಲ ದಿನವೇ ಜೋಡಿ ವಿಷಯ ಆರಿಸಿ ಅದರಲ್ಲೇ ಉಳಿಯಬೇಕು, ಹೆಸರಷ್ಟೇ ವಿಶಾಲ. ಹೆಸರಿನ ನಡುವಿನ ಚಿಕ್ಕ ಪದವನ್ನೂ ನೋಡಿ. "ಅಂಡ್" ಇದ್ದರೆ ಎರಡೂ ವಿಷಯ ಹೆಚ್ಚು ಕಡಿಮೆ ಅರ್ಧರ್ಧ. "ವಿತ್" ಇದ್ದರೆ ಮೊದಲನೆಯದು ಊಟ, ಎರಡನೆಯದು ಉಪ್ಪಿನಕಾಯಿ. ಓಪನ್ ಡೇಗೆ ಹೋದಾಗ ಪ್ರೊಫೆಸರ್‌ಗಿಂತ ಎರಡನೇ ವರ್ಷದ ಹುಡುಗರನ್ನು ಮಾತಾಡಿಸಿ. ಎರಡು ಡಿಪಾರ್ಟ್‌ಮೆಂಟ್‌ಗಳ ಟೈಮ್‌ಟೇಬಲ್ ಡಿಕ್ಕಿ ಹೊಡೆಯುತ್ತದೆಯೇ, ಕಷ್ಟ ಬಂದರೆ ಯಾರ ಬಾಗಿಲು ತಟ್ಟುತ್ತೀರಿ ಅಂತ ಕೇಳಿ. ನಿಜ ಅವರೇ ಹೇಳುತ್ತಾರೆ. ಇನ್ನೊಂದು ಮಾತು: ಕಂಪ್ಯೂಟರ್ ಸೈನ್ಸ್ ಸಿಗಲಿಕ್ಕಿಲ್ಲ ಅಂತ ಇದನ್ನು ಹಿಂಬಾಗಿಲು ಮಾಡಿಕೊಳ್ಳಬೇಡಿ. ಚಾರ್ಟರ್ಡ್ ಎಂಜಿನಿಯರ್ ಆಗುವ ಆಸೆ ಇದ್ದರೂ ಮಾನ್ಯತೆ ಪಡೆದ ಎಂಜಿನಿಯರಿಂಗ್ ಡಿಗ್ರಿಯೇ ಸುಲಭದ ದಾರಿ.

ಈಗ ದುಡ್ಡು. ಇಂಗ್ಲೆಂಡಿನ ಯೂನಿವರ್ಸಿಟಿಗಳಲ್ಲಿ 2025-26ಕ್ಕೆ ಹೋಮ್ ಫೀಸು ವರ್ಷಕ್ಕೆ ಹೆಚ್ಚೆಂದರೆ 9,535 ಪೌಂಡ್. ಹೊರಗಿನವರಿಗೆ ವಿಜ್ಞಾನ ಡಿಗ್ರಿಗೆ ಅದರ ಮೂರು, ನಾಲ್ಕು ಪಟ್ಟು ಸಾಮಾನ್ಯ. ಯಾರು ಮನೆಯವರು, ಯಾರು ಹೊರಗಿನವರು? ನಮ್ಮ ಕಲ್ಯಾಣ ಕರ್ನಾಟಕದ ಮೀಸಲಾತಿ, 371(ಜೆ) ಗೊತ್ತಲ್ಲ. ಇಲ್ಲಿ ಹುಟ್ಟಿರಬೇಕು, ಇಲ್ಲ ಹತ್ತು ವರ್ಷ ವಾಸ ಇರಬೇಕು, ಆ ಸರ್ಟಿಫಿಕೇಟ್‌ಗೆ ತಹಸೀಲ್ ಆಫೀಸು ಅಲೆಯಬೇಕು. ಇಂಗ್ಲೆಂಡಿನಲ್ಲೂ ಅಂಥದ್ದೇ, ಆದರೆ ಹುಟ್ಟಿದ್ದು ಲೆಕ್ಕಕ್ಕಿಲ್ಲ. ಕೋರ್ಸ್ ಶುರುವಾಗುವ ದಿನ ಖಾಯಂ ನೆಲೆಸುವ ಹಕ್ಕು ಇರಬೇಕು, ಅದಕ್ಕೆ ಹಿಂದಿನ ಮೂರು ವರ್ಷ ಅಲ್ಲೇ ವಾಸವಿರಬೇಕು, ಆ ವಾಸ ಓದಿಗೋಸ್ಕರವೇ ಇರಬಾರದು. ಇದು ಮುಖ್ಯ ದಾರಿ, ಬೇರೆ ಒಂದೆರಡು ವಿನಾಯಿತಿಗಳೂ ಇವೆ. ಅಪ್ಪ ಅಮ್ಮ ಕೆಲಸದ ವೀಸಾದಲ್ಲಿ ಎಷ್ಟೇ ಟ್ಯಾಕ್ಸ್ ಕಟ್ಟಿರಲಿ, ಮಗು ಅದೇ ವೀಸಾದಲ್ಲಿದ್ದರೆ ಸಾಮಾನ್ಯವಾಗಿ ಹೊರಗಿನ ಫೀಸೇ. ಆದರೆ ಹದಿನೆಂಟರ ಒಳಗಿನವರು ಏಳು ವರ್ಷ, ಮೇಲಿನವರು ತಮ್ಮ ಅರ್ಧ ಆಯಸ್ಸು ಅಲ್ಲೇ ಕಳೆದಿದ್ದರೆ ಒಂದು ದಾರಿ ಇದೆ, ವಿಚಾರಿಸಿ.

ಇನ್ನೊಂದು ತಮಾಷೆ ಇದೆ, ಅನುಭವಿಸಿದವರಿಗೆ ತಮಾಷೆ ಅಲ್ಲ. ನಮಗೆ ಗೊತ್ತಿರುವ ಒಂದು ಮನೆಯವರು ಬ್ರಿಟಿಷ್ ಪಾಸ್‌ಪೋರ್ಟ್ ಇರುವ ಮಗನನ್ನು ಪಿಯುಸಿಗೆ ಅಂತ ಕಲಬುರಗಿಯ ಅಜ್ಜಿ ಮನೆಗೆ ಕಳಿಸಿದರು. ಗಣಿತ ಗಟ್ಟಿಯಾಗಲಿ, ಕನ್ನಡ ಬರಲಿ ಅಂತ. ಎರಡೂ ಆಯಿತು. ವಾಪಸ್ ಹೋದಾಗ ಯೂನಿವರ್ಸಿಟಿ ಹೊರಗಿನ ಫೀಸು ಕೇಳಿತು, ಮೂರು ವರ್ಷದ ವಾಸ ಕಡಿದು ಹೋಗಿತ್ತು. ಪಾಸ್‌ಪೋರ್ಟ್ ತೋರಿಸಿದರೆ ಸಾಲದು. ಕಳಿಸುವ ಮೊದಲು ವಿದೇಶಿ ವಿದ್ಯಾರ್ಥಿಗಳಿಗೆ ಸಲಹೆ ಕೊಡುವ ಯುಕಿಸಾ (UKCISA) ಅನ್ನುವ ಸಂಸ್ಥೆಯ ಪುಟ ಓದಿ. ಸ್ಕಾಟ್‌ಲೆಂಡ್‌ನ ನಿಯಮ ಬೇರೆ.

ಊರಿಂದ ನೇರ ಬರುವ ಪಿಯುಸಿ ಮಕ್ಕಳಿಗೆ ಎರಡು ಮಾತು. ಸಿಬಿಎಸ್‌ಇ ಅಂಕ ಮತ್ತು ರಾಜ್ಯ ಬೋರ್ಡಿನ ಅಂಕವನ್ನು ಎಷ್ಟೋ ಯೂನಿವರ್ಸಿಟಿಗಳು ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಏಜೆಂಟ್ ಮಾತು ನಂಬದೆ ಅವರ ಪುಟದಲ್ಲೇ ನೋಡಿ, ಸಂಶಯ ಇದ್ದರೆ ಇಮೇಲ್ ಬರೆಯಿರಿ, ಉತ್ತರ ಕೊಡುತ್ತಾರೆ. ಮತ್ತೆ ಊರಿಗೆ ಬಂದು ಸರಕಾರಿ ಕೆಲಸವೋ ಕಾಲೇಜಿನ ಲೆಕ್ಚರರ್ ಹುದ್ದೆಯೋ ಬೇಕು ಅನ್ನುವವರು ಹುಷಾರಾಗಿರಿ. ಇಲ್ಲಿನ ಅರ್ಜಿಗಳು ವಿಷಯದ ಹೆಸರು ಕೇಳುತ್ತವೆ. "ನ್ಯಾಚುರಲ್ ಸೈನ್ಸಸ್" ಅಂತ ಬರೆದರೆ ಕೌಂಟರಿನಲ್ಲಿ ಅಣ್ಣನ ಪ್ರಶ್ನೆಯೇ ಮತ್ತೆ ಬರುತ್ತದೆ. ಹೊರಗಿನ ಡಿಗ್ರಿ ಇಲ್ಲಿನದಕ್ಕೆ ಸಮ ಅನ್ನುವ ಪ್ರಮಾಣ ಪತ್ರ ಬೇಕು, ಜೊತೆಗೆ ಒಂದೇ ವಿಷಯದಲ್ಲಿ ಮಾಸ್ಟರ್ಸ್ ಮಾಡಿದ್ದರೆ ತಂಟೆ ಕಡಿಮೆ. ಪ್ರತಿ ವರ್ಷದ ಮಾರ್ಕ್ಸ್ ಪಟ್ಟಿ ಜೋಪಾನವಾಗಿಡಿ, ಏನೇನು ಓದಿದ್ದೀರಿ ಅಂತ ಹೇಳುವ ಕಾಗದ ಅದೊಂದೇ.

ಮೊನ್ನೆ ಅಣ್ಣ ಫೋನ್ ಮಾಡಿದ್ದ. ಅವನ ಮಗನೂ ಈಗ ಸೆಕೆಂಡ್ ಪಿಯುಸಿ. "ಅಕ್ಕನ ಹಂಗ ನಾನೂ ಫಿಸಿಕ್ಸ್ ಮಾಡ್ತೀನಿ ಅನ್ನಾಕತ್ಯಾನ" ಅಂದ, ಹೆಮ್ಮೆಯಿಂದ. ಮಗಳು ಪಕ್ಕದಲ್ಲೇ ಇದ್ದಳು, ನಕ್ಕಳು. ಮೊದಲ ವರ್ಷ ಮುಗಿದ ಕೂಡಲೇ ಅವಳು ಬಿಟ್ಟಿದ್ದು ಫಿಸಿಕ್ಸನ್ನೇ. ಅಣ್ಣನಿಗೆ ಇನ್ನೂ ಹೇಳಿಲ್ಲ.