ಪೋಸ್ಟರ್‌ನಲ್ಲಿ ಬಿಟ್ಟ ಖಾಲಿ ಜಾಗ

ಸಿನಿಮಾಗಳಿಗೆ ಪೋಸ್ಟರ್, ಟೀಸರ್ ಮಾಡಿಸುವುದು ನನ್ನ ಕೆಲಸ. ಆಫೀಸು ಅಂಧೇರಿಯಲ್ಲಿ. ಒಂದು ಕನ್ನಡ ಸಿನಿಮಾದ ಮುಂಬೈ ಪ್ರಚಾರ ನನ್ನ ಪಾಲಿಗೆ ಬಂದಾಗ ಪೋಸ್ಟರ್‌ಗೇ ಮೂರು ವಾರ ಒದ್ದಾಡಿದೆವು. ನಾಯಕನ ಮುಖ, ಸಿನಿಮಾ ಹೆಸರು, ತಾರೀಕು, ಕೆಳಗೆ ಸಾಲುಸಾಲು ಲೋಗೋ. ಬೆರಳಿಡೋಕೂ ಜಾಗ ಇರಲಿಲ್ಲ.

ಅದನ್ನು ಮಾಟುಂಗಾದ ಹೋಟೆಲೊಂದರ ಹುಡುಗರಿಗೆ ತೋರಿಸಿದೆ. ಬೈಂದೂರು, ಕುಂದಾಪುರ ಕಡೆಯವರು. ಆ ನಾಯಕ ಅಂದ್ರೆ ಪ್ರಾಣ. ಒಬ್ಬ ತುಂಬಾ ಹೊತ್ತು ನೋಡಿ, "ಚೆಂದ ಉಂಟು ಸರ್. ಆದ್ರೆ ನಮ್ಮ ಹೆಸರು ಹಾಕ್ಲಿಕ್ಕೆ ಜಾಗ ಎಲ್ಲಿ?" ಅಂದ.

ಆಮೇಲೆ ತನ್ನ ಫೋನು ತೆಗೆದು ತೋರಿಸಿದ. ಹಿಂದಿನ ಸಿನಿಮಾದ ಪೋಸ್ಟರಿನಿಂದ ನಾಯಕನನ್ನು ಬೆರಳಲ್ಲೇ ಕತ್ತರಿಸಿ, ಹಿಂದೆ ಬೆಂಕಿ ಹಾಕಿ, ಕೆಳಗೆ ಹತ್ತು ಜನ ಗೆಳೆಯರ ಪಾಸ್‌ಪೋರ್ಟ್ ಫೋಟೋ ಜೋಡಿಸಿದ್ದ. ನಾಯಕನ ಕಿವಿ ಹತ್ತಿರ ಹಳೆಯ ನೀಲಿ ಬಣ್ಣದ ಒಂದು ಗೆರೆ ಉಳಿದುಬಿಟ್ಟಿತ್ತು. ಎರಡು ರಾತ್ರಿ ಕೂತರೂ ಅದು ಹೋಗಲಿಲ್ಲವಂತೆ. ಆ ಗೆರೆ ನೋಡಿ ನನ್ನ ಕರುಳು ಚುರ್ ಅಂತು. ನಮ್ಮಲ್ಲಿ ಹತ್ತು ನಿಮಿಷದ ಕೆಲಸ ಅದು.

ಆಫೀಸಿಗೆ ಹೋಗಿ ಬೇರೆ ಥರ ಶುರು ಮಾಡಿದೆ. ಹಿನ್ನೆಲೆ ತೆಗೆದ ನಾಯಕನ ಚಿತ್ರ, ಸಿನಿಮಾ ಹೆಸರಿನ ಅಕ್ಷರ, ಕೆಳಗಿನ ಕಾಲು ಭಾಗ ಖಾಲಿ ಬಿಟ್ಟ ಪೋಸ್ಟರ್, ಎಲ್ಲ ಬಿಡಿಬಿಡಿಯಾಗಿ ಆ ಹುಡುಗರಿಗೆ ಕೊಟ್ಟೆ. ತಾರೀಕೂ ಬೇರೆಯೇ. ಬಿಡುಗಡೆ ಮುಂದೆ ಹೋದರೆ ಅವರ ಕೈಯಿಂದ ದುಡ್ಡು ಹಾಕಿದ ಫ್ಲೆಕ್ಸ್ ದಂಡ ಆಗಬಾರದಲ್ವಾ? ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿಯೇ ಕಳಿಸಿದೆ. ಫೋಟೋ ಅಂತ ಕಳಿಸಿದರೆ ಚಿತ್ರ ಕುಗ್ಗುತ್ತದೆ, ತೆಗೆದ ಹಿನ್ನೆಲೆಯ ಜಾಗಕ್ಕೆ ಬಣ್ಣ ಬಂದು ಕೂರುತ್ತದೆ.

ಖಾಲಿ ಜಾಗಕ್ಕೆ ನಿರ್ಮಾಪಕರ ಕಡೆಯವರು ಒಪ್ಪಲಿಲ್ಲ. ಅವರಿಗೆ 'ಕಾಂತಾರ' ನೆನಪಿಸಿದೆ. 2022ರ ಸೆಪ್ಟೆಂಬರ್ 30ಕ್ಕೆ ಬಂದದ್ದು ಬರೀ ಕನ್ನಡದಲ್ಲಿ. ಹಿಂದಿ ಬಂದದ್ದು ಅಕ್ಟೋಬರ್ 14ಕ್ಕೆ. ನಡುವಿನ ಎರಡು ವಾರ ಅದನ್ನು ಬಾಯಿಂದ ಬಾಯಿಗೆ ಹೊತ್ತದ್ದು ನೋಡಿ ಬಂದ ಜನ. ಅಂಥವರಿಗೆ ಕಾಲು ಭಾಗ ಬಿಟ್ಟುಕೊಡೋದು ಜಾಸ್ತಿ ಅಲ್ಲ ಅಂದೆ. ಅರ್ಧ ಮನಸ್ಸಿನಿಂದ ಹೂಂ ಅಂದರು.

ಆಟದ ಹೊತ್ತೂ ಬದಲಾಯಿತು. ಅಭಿಮಾನಿಗಳ ಆಟ ಅಂದ್ರೆ ಬೆಳಗ್ಗೆ ಆರಕ್ಕೆ ಅಂತ ಊರಿನ ಲೆಕ್ಕ. ಆದರೆ ಈ ಹುಡುಗರು ಆರು ಗಂಟೆಗೆ ಇಡ್ಲಿ ತಟ್ಟೆ ಹಿಡಿದಿರುತ್ತಾರೆ. ಅವರಿಗೆ ಬಿಡುವು ಶಟರ್ ಎಳೆದ ಮೇಲೆ. ಅದಕ್ಕೇ ರಾತ್ರಿ ಆಟ ಕೇಳಿದೆವು. ಟೀಸರ್ ಕೂಡ ಸಂಜೆ ಆರರ ಬದಲು ರಾತ್ರಿ ಹನ್ನೊಂದೂವರೆಗೆ ಬಿಟ್ಟೆವು.

ಮೊದಲ ರಾತ್ರಿ ಥಿಯೇಟರ್ ಬಾಗಿಲಲ್ಲಿ ಫ್ಲೆಕ್ಸ್ ಕಟ್ಟಿದ್ದರು. ಹಿಂದೆ ಅದೇ ಬೆಂಕಿ, ಕೆಳಗೆ ಹತ್ತು ಫೋಟೋ. ಆ ಹುಡುಗ ನನ್ನನ್ನು ಹತ್ತಿರ ಕರೆದು ನಾಯಕನ ಕಿವಿ ತೋರಿಸಿದ. "ನೋಡಿ ಸರ್, ಗೆರೆ ಇಲ್ಲ."