ಪಂಪ್ ಹಾಕಿಕೊಂಡವರಿಗೆ ಮೊದಲು ಬೇಸಲ್, ಆಮೇಲೆ ಬೋಲಸ್

ನನಗೆ ಟೈಪ್ 1 ಡಯಾಬಿಟಿಸ್. ಇನ್ಸುಲಿನ್ ಚುಚ್ಚಿಕೊಳ್ಳುವ ಪೆನ್ ಬಿಟ್ಟು ಇನ್ಸುಲಿನ್ ಪಂಪ್ ಹಾಕಿಕೊಂಡ ಮೇಲೆ ನೆಂಟರೆಲ್ಲ ಕೇಳಿದ್ದು ಒಂದೇ: ‘ಇನ್ನು ಶುಗರ್ ಅದೇ ನೋಡ್ಕೊಳ್ಳುತ್ತೆ ಅಲ್ವಾ?’ ಇಲ್ಲ. ನನ್ನದು ಸಾದಾ ಪಂಪ್. ನಾನು ಹೇಳಿದಷ್ಟು ಇನ್ಸುಲಿನ್ ಬಿಡುತ್ತದೆ, ಅಷ್ಟೇ.

ಭಾಗಗಳು ಕಡಿಮೆ. ಇನ್ಸುಲಿನ್ ತುಂಬುವ ರಿಸರ್ವಾಯರ್, ಅದಕ್ಕೊಂದು ಸಣ್ಣ ಟ್ಯೂಬ್, ತುದಿಯಲ್ಲಿ ಚರ್ಮದ ಕೆಳಗೆ ಕೂರುವ ಮೆತ್ತನೆಯ ಪುಟ್ಟ ಕೊಳವೆ, ಅಂದರೆ ಕ್ಯಾನುಲಾ. ಟ್ಯೂಬ್, ಕ್ಯಾನುಲಾ ಎರಡೂ ಸೇರಿದರೆ ಇನ್‌ಫ್ಯೂಷನ್ ಸೆಟ್. 2-3 ದಿನಕ್ಕೊಮ್ಮೆ ಸೆಟ್ಟನ್ನೂ ಬದಲಿಸಬೇಕು, ಚುಚ್ಚುವ ಜಾಗವನ್ನೂ ಬದಲಿಸಬೇಕು. ಫ್ರಿಜ್ಜಿನಿಂದ ತೆಗೆದ ಇನ್ಸುಲಿನ್ನನ್ನು ತಣ್ಣಗಿದ್ದಾಗಲೇ ತುಂಬಬೇಡಿ, ಬೆಚ್ಚಗಾಗುತ್ತಾ ಗುಳ್ಳೆ ಏಳುತ್ತದೆ. ಇನ್ನೊಂದು ಮಾತು. ನಮ್ಮ ಮೆಡಿಕಲ್ ಸ್ಟೋರ್‌ಗಳಲ್ಲಿ ಮಿಲಿಲೀಟರಿಗೆ 40 ಯೂನಿಟ್ ಇರುವ ಬಾಟಲಿಗಳೂ ಸಿಗುತ್ತವೆ. ಪಂಪ್ ಲೆಕ್ಕ ಹಾಕುವುದು 100 ಯೂನಿಟ್‌ನದು. ಲೇಬಲ್ ಓದದೆ ತುಂಬಲೇಬೇಡಿ.

ಇನ್ನು ಬೇಸಲ್. ಉಂಡರೂ ಉಣ್ಣದಿದ್ದರೂ ಲಿವರ್ ರಕ್ತಕ್ಕೆ ಸಕ್ಕರೆ ಬಿಡುತ್ತಲೇ ಇರುತ್ತದೆ. ಅದಕ್ಕೆ ತಕ್ಕಂತೆ ದಿನವಿಡೀ ಹನಿಹನಿಯಾಗಿ ಹೋಗುವ ಇನ್ಸುಲಿನ್ ಇದು. ಊಟಕ್ಕೆ ಅಂತ ಒಟ್ಟಿಗೆ ಕೊಡುವುದು ಬೋಲಸ್. ಬೇಸಲ್ ಸರಿಯಾಗುವ ತನಕ ನಾನು ಬೋಲಸ್ ಲೆಕ್ಕ ಮುಟ್ಟಲಿಲ್ಲ. ಡಾಕ್ಟರ ಜೊತೆ ಮಾತಾಡಿ, ಸಂಜೆ ಬೇಗ ಊಟ ಮುಗಿಸಿ, ರಾತ್ರಿ ನಡುನಡುವೆ ಎದ್ದು ಶುಗರ್ ನೋಡುತ್ತಿದ್ದೆ. ಮಲಗುವಾಗ 130 ಇದ್ದದ್ದು ಬೆಳಗ್ಗೆ 30ಕ್ಕಿಂತ ಜಾಸ್ತಿ ಏರಿಳಿಯದಿದ್ದರೆ ಬೇಸಲ್ ಸರಿ. ನನಗೆ ಬೆಳಗಿನ ಜಾವ ಏರುತ್ತಿತ್ತು, ಆ ಹೊತ್ತಿಗಷ್ಟೇ ಬೇಸಲ್ ಹೆಚ್ಚಿಸಿದೆವು. ಪೆನ್ನಿನಲ್ಲಿ ಇದು ಎಲ್ಲಿ ಸಾಧ್ಯ!

ಬೋಲಸ್ ಲೆಕ್ಕ ಹೀಗೆ. 80 ಗ್ರಾಂ ಹಿಟ್ಟಿನ ರಾಗಿಮುದ್ದೆಯಲ್ಲಿ ಸುಮಾರು 55 ಗ್ರಾಂ ಕಾರ್ಬ್ (ಕಾರ್ಬೋಹೈಡ್ರೇಟ್), ಸಾರಿನ ಬೇಳೆಯದು 5 ಸೇರಿಸಿ, ಒಟ್ಟು 60. ನನ್ನ ಕಾರ್ಬ್ ರೇಷಿಯೋ 10, ಅಂದರೆ 10 ಗ್ರಾಂಗೆ 1 ಯೂನಿಟ್. ಊಟಕ್ಕೆ 6 ಆಯ್ತು. ಶುಗರ್ 200, ಟಾರ್ಗೆಟ್ 120. 1 ಯೂನಿಟ್ ನನಗೆ 40 ಇಳಿಸುತ್ತದೆ. ಹಾಗಾಗಿ ಏರಿದ ಶುಗರ್ ಇಳಿಸಲು ಕೊಡುವ ಕರೆಕ್ಷನ್ 2. ಹಿಂದಿನ ಬೋಲಸ್ಸಿನದು ಮೈಯಲ್ಲಿ ಇನ್ನೂ 1.5 ಕೆಲಸ ಮಾಡುತ್ತಿದ್ದರೆ ಅದನ್ನು ಕಳೆಯಬೇಕು. ಅದಕ್ಕೆ ಆ್ಯಕ್ಟಿವ್ ಇನ್ಸುಲಿನ್ ಅನ್ನುತ್ತಾರೆ. ಕೊನೆಗೆ 6.5. ಈ ಅಂಕಿಗಳು ನನ್ನವು. ನಿಮ್ಮವನ್ನು ಡಾಕ್ಟರ್ ಹೇಳಬೇಕು, ಸುಮ್ನೆ ನಕಲು ಮಾಡಬೇಡಿ.

ಪಂಪ್‌ನಲ್ಲಿರುವುದು ಬೇಗ ಕೆಲಸ ಮಾಡುವ ಇನ್ಸುಲಿನ್ ಮಾತ್ರ. ದಿನವಿಡೀ ನಿಲ್ಲುವಂಥದ್ದು ಮೈಯಲ್ಲಿ ಇರುವುದಿಲ್ಲ. ಕ್ಯಾನುಲಾ ಮಡಚಿದರೆ ಕೆಲವೇ ಗಂಟೆಗಳಲ್ಲಿ ಕೀಟೋನ್ (ಇನ್ಸುಲಿನ್ ಸಾಲದೆ ಮೈ ಕೊಬ್ಬು ಕರಗಿಸುವಾಗ ಬರುವ ಆಮ್ಲ) ಏರಬಹುದು. ಅಲಾರಂ ಎಷ್ಟೋ ಸಲ ತಡವಾಗಿ ಕೂಗುತ್ತದೆ. ಶುಗರ್ 250 ದಾಟಿ, ಕರೆಕ್ಷನ್ ಕೊಟ್ಟರೂ ಇಳಿಯದಿದ್ದರೆ ನಾನು ಪಂಪ್ ನಂಬುವುದಿಲ್ಲ. ಕೀಟೋನ್ ನೋಡಿ, ಪೆನ್ನಿನಲ್ಲಿ ಇನ್ಸುಲಿನ್ ತೆಗೆದುಕೊಂಡು, ಸೆಟ್ ಬದಲಿಸುತ್ತೇನೆ. ಕೀಟೋನ್ ಜಾಸ್ತಿ ಇದ್ದರೆ, ವಾಂತಿ ಶುರುವಾದರೆ ನೇರ ಆಸ್ಪತ್ರೆಗೆ.