ಉಡುಪಿಯಲ್ಲಿ ಒಂದು ರಜೆಯ ದಿನ: ಯಾವ ಹೊತ್ತಿಗೆ ಯಾವ ಸುಖ

ಮಧ್ಯಾಹ್ನ 12ಕ್ಕೆ ಕೃಷ್ಣಮಠದ ರಥಬೀದಿಯಲ್ಲಿ ಬೆವರು ಒರೆಸಿಕೊಳ್ಳುತ್ತ, 3 ಗಂಟೆಗೆ ಮಲ್ಪೆ ಕಡಲತೀರದ ಮರಳಲ್ಲಿ ಅಂಗಾಲು ಸುಟ್ಟುಕೊಳ್ಳುತ್ತ ತಿರುಗುವವರಿಗೆ ಉಡುಪಿ ಬೇಸರ ತರಿಸಿದರೆ ತಪ್ಪು ಊರಿನದ್ದಲ್ಲ, ಗಡಿಯಾರದ್ದು. ಊರಲ್ಲೇ ಹುಟ್ಟಿ ಬೆಳೆದವರದೂ ಹೆಚ್ಚುಕಡಿಮೆ ಇದೇ ಪಾಡು. ಇಲ್ಲಿಯ ಸಣ್ಣ ಸಣ್ಣ ಸುಖಗಳಿಗೆ ದುಡ್ಡು ಬೇಡ, ಸರಿಯಾದ ಹೊತ್ತು ಬೇಕು. ಒಂದು ರಜೆಯ ದಿನಕ್ಕೆ ಬೇಕಾಗುವಷ್ಟನ್ನು ಹೊತ್ತಿನ ಲೆಕ್ಕದಲ್ಲೇ ಹೇಳುತ್ತೇವೆ. ಎಲ್ಲವನ್ನೂ ಒಂದೇ ದಿನ ಮಾಡಲು ಹೋಗಬೇಡಿ. ಎರಡು ಸಾಕು, ಮೂರಾದರೆ ದಣಿವು.

ಹಿಂದಿನ ರಾತ್ರಿ 9 ಗಂಟೆ: ಬನ್ಸಿನ ಹಿಟ್ಟು

ಬಾಳೆಹಣ್ಣು ಕಲಸಿದ ಹಿಟ್ಟಿನಿಂದ ಪೂರಿಯಂತೆ ಕರಿಯುವ ಬನ್ಸ್ ಬೆಳಿಗ್ಗೆ ಹುಟ್ಟುವ ತಿಂಡಿಯಲ್ಲ. ಬೆಳಿಗ್ಗೆ ಎದ್ದು ಕಲಸಿದ ಹಿಟ್ಟು ಹೆಚ್ಚೆಂದರೆ ಸಿಹಿ ಪೂರಿಯಾದೀತು.

ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ ತುಂಬಿದ, ಮನೆಯಲ್ಲಿ ಯಾರೂ ತಿನ್ನದೆ ಉಳಿದ ಬಾಳೆಹಣ್ಣೇ ಇದಕ್ಕೆ ಬೇಕು. ಕಿವುಚಿದಾಗ ಅರ್ಧ ಕಪ್ ಆಗುವಷ್ಟು ತೆಗೆದುಕೊಳ್ಳಿ. ಸಣ್ಣ ಹಣ್ಣಾದರೆ ಎರಡೋ ಮೂರೋ ಬೇಕಾದೀತು. ಅದಕ್ಕೆ 3 ದೊಡ್ಡ ಚಮಚ ಸಕ್ಕರೆ, 2 ದೊಡ್ಡ ಚಮಚ ಹುಳಿ ಮೊಸರು, ಅರ್ಧ ಚಮಚ ಉಪ್ಪು, ಕಾಲು ಚಮಚ ಅಡುಗೆ ಸೋಡಾ, ಒಂದು ಚಮಚ ಜೀರಿಗೆ ಹಾಕಿ ಸಕ್ಕರೆ ಕರಗುವವರೆಗೆ ಕಲಸಿ. ಆಮೇಲೆ ಮೈದಾ ಸ್ವಲ್ಪ ಸ್ವಲ್ಪವಾಗಿ ಸೇರಿಸುತ್ತ ಹೋಗಿ. ಸುಮಾರು 2 ಕಪ್, ಅಂದರೆ 250 ಗ್ರಾಂ ಹಿಡಿಯುತ್ತದೆ. ಅಳತೆಗಿಂತ ಕೈಯನ್ನು ನಂಬುವುದು ಮೇಲು, ಏಕೆಂದರೆ ಒಂದೊಂದು ಹಣ್ಣಿನ ನೀರು ಒಂದೊಂದು ರೀತಿ. ಒಂದು ತೊಟ್ಟು ನೀರನ್ನೂ ಹಾಕಬಾರದು. ಕೊನೆಗೆ ಒಂದು ಚಮಚ ತುಪ್ಪ ಸವರಿ ನಾದಿ, ಪಾತ್ರೆ ಮುಚ್ಚಿಡಿ.

ಹೆಚ್ಚಿನವರು ಎಡವುವುದು ಇಲ್ಲಿಯೇ. ಕಲಸುವಾಗ ಹಿಟ್ಟು ಚಪಾತಿಯದ್ದಕ್ಕಿಂತ ತುಸು ಗಟ್ಟಿ ಅನ್ನಿಸಬೇಕು. ರಾತ್ರಿಯಿಡೀ ಸಕ್ಕರೆ ಮತ್ತು ಹಣ್ಣು ನೀರು ಬಿಟ್ಟು ಅದು ತಾನಾಗಿ ಮೆತ್ತಗಾಗುತ್ತದೆ. ರಾತ್ರಿಯೇ ಹದವಾಗಿದೆ ಎಂದು ಖುಷಿಪಟ್ಟವರು ಬೆಳಿಗ್ಗೆ ಅಂಟು ಹಿಟ್ಟಿಗೆ ಮತ್ತೆ ಮೈದಾ ಸುರಿಯುತ್ತಾರೆ. ಹೊಸ ಮೈದಾಕ್ಕೆ ನೆನೆಯುವ ಸಮಯವೇ ಸಿಗುವುದಿಲ್ಲ, ಬನ್ಸ್ ರಬ್ಬರಿನಂತೆ ಎಳೆಯುತ್ತದೆ. ಸಾಮಾನ್ಯ ದಿನಗಳಲ್ಲಿ 8 ಗಂಟೆ ನೆನೆಯಲಿ. ಏಪ್ರಿಲ್-ಮೇ ಸೆಕೆಗೆ 5 ಗಂಟೆಯೇ ಸಾಕು, ರಾತ್ರಿಯಿಡೀ ಹೊರಗಿಟ್ಟರೆ ಹುಳಿ ವಾಸನೆ ಬರುತ್ತದೆ. ಆ ತಿಂಗಳುಗಳಲ್ಲಿ ಫ್ರಿಜ್ಜಿನಲ್ಲಿಟ್ಟು, ಲಟ್ಟಿಸುವ ಒಂದು ಗಂಟೆ ಮೊದಲು ಹೊರಗೆ ತೆಗೆಯಿರಿ.

ಬೆಳಿಗ್ಗೆ ಹತ್ತು-ಹನ್ನೆರಡು ಉಂಡೆ ಮಾಡಿ, ಪೂರಿಯ ಮೂರರಷ್ಟು ದಪ್ಪಕ್ಕೆ ಲಟ್ಟಿಸಿ. ಅಗಲ ಅಂಗೈಯಷ್ಟಿದ್ದರೆ ಸಾಕು. ಎಣ್ಣೆಗೆ ಚಿಟಿಕೆ ಹಿಟ್ಟು ಹಾಕಿ ನೋಡಿ: ತಳಕ್ಕೆ ಹೋಗಿ ಎರಡು ಮೂರು ಸೆಕೆಂಡಿನಲ್ಲಿ ಮೆಲ್ಲಗೆ ಮೇಲೆ ಬಂದರೆ ಹದ. ಬಿದ್ದ ಕೂಡಲೇ ಚುಂಯ್ ಎಂದು ಚಿಮ್ಮಿದರೆ ಕಾವು ಹೆಚ್ಚು. ಹಣ್ಣಿನ ಸಕ್ಕರೆ ಬೇಗ ಕಪ್ಪಾಗುತ್ತದೆ, ಒಳಗೆ ಹಸಿ ಉಳಿಯುತ್ತದೆ. ಬನ್ಸ್ ಮೇಲೆದ್ದೊಡನೆ ಜಾಲರಿ ಸೌಟಿನ ಬೆನ್ನಿನಿಂದ ಹಗುರವಾಗಿ ಒತ್ತಿ, ಉಬ್ಬಿದ ಮೇಲೆ ಮಗುಚಿ. ಬಣ್ಣ ತಾಮ್ರದ ಚೆಂಬಿನಂತಿರಬೇಕು. ಪೂರಿಯ ಹೊಂಬಣ್ಣಕ್ಕೇ ತೆಗೆದರೆ ಬೆಂದಿರುವುದಿಲ್ಲ. ಉಬ್ಬದಿದ್ದರೆ ತೆಳ್ಳಗೆ ಲಟ್ಟಿಸಿದ್ದೀರಿ, ಇಲ್ಲವೇ ಎಣ್ಣೆ ತಣ್ಣಗಿದೆ. ಎಣ್ಣೆ ಕುಡಿದು ಸಾಬೂನಿನ ರುಚಿ ಬಂದರೆ ಸೋಡಾ ಜಾಸ್ತಿಯಾಗಿದೆ. ಮುರಿದಾಗ ಒಳಗೆ ಜೇನುಗೂಡಿನಂಥ ತೂತುಗಳು ಕಂಡರೆ ಗೆದ್ದಿರಿ.

ಜತೆಗೆ ಖಾರದ ತೆಂಗಿನಕಾಯಿ ಚಟ್ನಿ, ಶುಂಠಿ ಸ್ವಲ್ಪ ಮುಂದಾಗಿರಲಿ. ಕುಡಿಯಲು ಕಷಾಯ. ಒಂದು ಕಪ್ ಕೊತ್ತಂಬರಿ ಬೀಜಕ್ಕೆ ಕಾಲು ಕಪ್ ಜೀರಿಗೆ, ಒಂದು ದೊಡ್ಡ ಚಮಚ ಕಾಳುಮೆಣಸು, ಒಂದು ಸಣ್ಣ ಚಮಚ ಮೆಂತೆ, ನಾಲ್ಕು ಏಲಕ್ಕಿ. ಬೇರೆ ಬೇರೆಯಾಗಿ ಹುರಿದು ಪುಡಿ ಮಾಡಿಟ್ಟರೆ ತಿಂಗಳು ಬರುತ್ತದೆ. ಲೋಟಕ್ಕೊಂದು ಚಮಚ ಪುಡಿಯನ್ನು ಬೆಲ್ಲದ ನೀರಿನಲ್ಲಿ ಕುದಿಸಿ, ಉರಿ ಆರಿಸಿದ ಮೇಲೆ ಬಿಸಿ ಹಾಲು ಬೆರೆಸಿ. ಬೆಲ್ಲ ಕುದಿಯುವಾಗಲೇ ಹಾಲು ಹಾಕಿದರೆ ಒಡೆಯುತ್ತದೆ.

ಬೆಳಿಗ್ಗೆ 6: ರಥಬೀದಿ

ತಿಂಡಿಗೆ ಮೊದಲೇ ಒಂದು ಸುತ್ತು ಮುಗಿಸಿ ಬನ್ನಿ. 9ರ ಮೇಲೆ ಪ್ರವಾಸಿ ಬಸ್ಸುಗಳು ಬಂದು ನಿಲ್ಲುತ್ತವೆ, ಆಮೇಲೆ ಕಾಣುವುದು ಮುಂದಿನವರ ಬೆನ್ನು ಮಾತ್ರ. 6ಕ್ಕೆ ಬೀದಿ ಗುಡಿಸಿ ನೀರು ಬಿದ್ದಿರುತ್ತದೆ, ತಂಪು ಇರುತ್ತದೆ. ಕನಕನ ಕಿಂಡಿಯ ಮುಂದೆ ನಿಂತು ನೋಡಲು ಯಾರೂ ತಳ್ಳುವುದಿಲ್ಲ. ಹಳೆಯ ಕ್ರಮದಂತೆ ನೋಡುವುದಾದರೆ ಮೊದಲು ಚಂದ್ರಮೌಳೇಶ್ವರ, ಆಮೇಲೆ ಅನಂತೇಶ್ವರ, ಕೊನೆಗೆ ಕೃಷ್ಣ. ಮಠದೊಳಗೆ ಹೋಗುವ ಗಂಡಸರು ಅಂಗಿ ಕಳಚಬೇಕು. ಹೆಗಲಿಗೊಂದು ಶಾಲು ಇದ್ದರೆ ಒಳ್ಳೆಯದು.

ಭಕ್ತಿ ಇಲ್ಲದವರಿಗೂ ಇಲ್ಲಿ ನೋಡಲು ಇದೆ. ಎಂಟು ಮಠಗಳ ಮುಂಬಾಗಿಲು, ಮರದ ಕೆತ್ತನೆಯ ಕಂಬಗಳು. ಕೃಷ್ಣಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ದಾಟುವ ಪರ್ಯಾಯ ಎರಡು ವರ್ಷಕ್ಕೊಮ್ಮೆ ಜನವರಿ 18ರಂದು, ಸಮಸಂಖ್ಯೆಯ ವರ್ಷಗಳಲ್ಲಿ ನಡೆಯುವುದರಿಂದ ಅದಕ್ಕೆ ಹಿಂದಿನ ವರ್ಷದ ಕೊನೆಯ ತಿಂಗಳುಗಳಲ್ಲಿ ಬಂದರೆ ಕಟ್ಟಿಗೆಯನ್ನು ರಥದಂತೆ ಒಟ್ಟಿರುವುದು ಕಾಣುತ್ತದೆ. ಒಂದೂ ಮೊಳೆಯಿಲ್ಲದೆ ಸೌದೆ ಪೇರಿಸುವ ಆ ಕೈಚಳಕವನ್ನು ಹತ್ತು ನಿಮಿಷ ನೋಡಬಹುದು. ನಿಜವಾದ ರಥ ಎಳೆಯುವುದನ್ನು ನೋಡಬೇಕೆಂದರೆ ಮಳೆಗಾಲ ಬಿಟ್ಟು ಬನ್ನಿ.

ಮಧ್ಯಾಹ್ನ: ಮಲ್ಲಿಗೆ

ಶಂಕರಪುರದ ಸುತ್ತ ಬೆಳೆಯುವ ಉಡುಪಿ ಮಲ್ಲಿಗೆಯನ್ನು ಬೆಳಕು ಹರಿಯುವ ಹೊತ್ತಿಗೆ ಮೊಗ್ಗಾಗಿ ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ ಪೇಟೆಗೆ ಕಳಿಸುತ್ತಾರೆ. ಆದ್ದರಿಂದ ಬೆಳ್ಳಂಬೆಳಿಗ್ಗೆ ಅಂಗಡಿಯಲ್ಲಿ ಇರುವುದು ಹೆಚ್ಚಾಗಿ ನಿನ್ನೆಯದು. "ಇವತ್ತಿನದ್ದು ಬಂತಾ?" ಎಂದು ಕೇಳಿ, ಬಂದಿಲ್ಲವಾದರೆ ಊಟದ ಹೊತ್ತಿಗೆ ಹೋಗಿ.

ಲೆಕ್ಕ ಮೊಳದ್ದಲ್ಲ. 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ದರ ದಿನಕ್ಕೊಂದು, ಮದುವೆ, ಭೂತಕೋಲ, ಹಬ್ಬದ ದಿನಗಳಲ್ಲಿ ಒಮ್ಮೆಲೇ ಜಿಗಿಯುತ್ತದೆ. ಮುಡಿಯಲು ಒಂದು ತುಂಡು ಸಾಕೆಂದರೂ ಕೊಡುತ್ತಾರೆ, ಹಾಗೆ ಕೇಳಲು ನಾಚಿಕೆ ಬೇಡ. ಬಿಗಿಯಾಗಿ ಮುಚ್ಚಿದ, ಹಸಿರು ಛಾಯೆಯ ತೊಟ್ಟಿನ ಬಿಳಿ ಮೊಗ್ಗು ಒಳ್ಳೆಯದು. ತುದಿ ಕಂದಾಗಿದ್ದರೆ ಬಿಡಿ. ಮನೆಗೆ ಬಂದೊಡನೆ ಪ್ಲಾಸ್ಟಿಕ್ಕಿನಿಂದ ತೆಗೆದು ಬಾಳೆಲೆಯಲ್ಲಿ ಮಡಚಿಡಿ. ನೀರು ಚಿಮುಕಿಸುವ ಅಭ್ಯಾಸ ಬೇಡ, ನೀರು ನಿಂತಲ್ಲಿ ಎಸಳು ಕಂದುತ್ತದೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಎಲೆ ಬಿಚ್ಚಿ ಚಾವಡಿಯಲ್ಲಿಟ್ಟರೆ ಮನೆಯಿಡೀ ಘಮ ಘಮ.

ಮಧ್ಯಾಹ್ನಕ್ಕೆ ಇದಕ್ಕಿಂತ ಹೆಚ್ಚಿನ ಕೆಲಸ ಇಟ್ಟುಕೊಳ್ಳಬೇಡಿ. ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ, ಫ್ಯಾನಿನ ಕೆಳಗೆ ಒಂದು ನಿದ್ದೆ. ಎದ್ದ ಮೇಲೆ 4ಕ್ಕೆ ಹತ್ತಿರದ ಹೋಟೆಲಿನಲ್ಲಿ ಬಾಣಲೆಯಿಂದ ಆಗಷ್ಟೇ ತೆಗೆದ ಗೋಳಿಬಜೆ, ಅಂದರೆ ಮೈದಾ ಬೋಂಡಾ. 6ಕ್ಕೆ ಹೋದರೆ ಸಿಗುವುದು ಅದೇ ಗೋಳಿಬಜೆಯ ತಣ್ಣಗಿನ ಅಣ್ಣ.

ಸಂಜೆ: ಕಡಲು

ಕಡಲಿಗೆ ಎರಡು ಗಡಿಯಾರ, ಒಂದು ಗಾಳಿಯದ್ದು, ಇನ್ನೊಂದು ನೀರಿನದ್ದು.

ಬಿಸಿಲೇರಿದಂತೆ ನೆಲ ಕಾದು ಕಡಲಿನಿಂದ ಗಾಳಿ ಬೀಸತೊಡಗುತ್ತದೆ, ಮಧ್ಯಾಹ್ನದ ಮೇಲೆ ಜೋರಾಗುತ್ತದೆ. ಮಕ್ಕಳಿಗೆ ಗಾಳಿಪಟ ಹಾರಿಸಬೇಕಿದ್ದರೆ 4ರಿಂದ 6 ಸರಿಯಾದ ಹೊತ್ತು. ರಾತ್ರಿ ಕಳೆದು ಬೆಳಗಾಗುವಾಗ ಗಾಳಿ ತಿರುಗಿ ನೆಲದಿಂದ ಕಡಲಿಗೆ ಬೀಸುತ್ತದೆ, ಆಗ ನೀರು ಕೆರೆಯಂತೆ ಮಲಗಿರುತ್ತದೆ. ಶಾಂತ ಕಡಲು ಇಷ್ಟವಿದ್ದವರಿಗೆ ಬೆಳಿಗ್ಗೆಯೇ ಒಳ್ಳೆಯದು.

ನೀರಿನ ಗಡಿಯಾರ ಅಂದರೆ ಭರತ-ಇಳಿತ, ಕಡಲ ನೀರು ಏರುವುದು-ಇಳಿಯುವುದು. ದಿನಕ್ಕೆ ಎರಡು ಭರತ, ಎರಡು ಇಳಿತ. ಒಂದು ಭರತದಿಂದ ಇಳಿತಕ್ಕೆ ಸುಮಾರು 6 ಗಂಟೆ. ಮರುದಿನ ಅದೇ ಇಳಿತ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಇವತ್ತು ಸಂಜೆ 5ಕ್ಕೆ ನೀರು ಪೂರ್ತಿ ಇಳಿದಿದ್ದರೆ ನಾಳೆ 6ರ ಹತ್ತಿರ ಎಂದು ಅಂದಾಜಿಸಬಹುದು. ಮೊಬೈಲಿನಲ್ಲಿ ಮಲ್ಪೆಯದ್ದೋ ಮಂಗಳೂರಿನದ್ದೋ ಪಟ್ಟಿ ನೋಡಿಕೊಂಡರೆ ಇನ್ನೂ ಒಳ್ಳೆಯದು. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ನೀರು ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ. ಇಳಿತದ ಹೊತ್ತಿಗೆ ಒದ್ದೆ ಮರಳು ಸಿಮೆಂಟಿನ ನೆಲದಂತೆ ಗಟ್ಟಿ. ಬರಿಗಾಲಲ್ಲಿ ಎರಡು ಕಿಲೋಮೀಟರ್ ನಡೆದರೂ ಕಾಲು ಸೋಲುವುದಿಲ್ಲ. ಭರತದ ಹೊತ್ತಿಗೆ ಉಳಿಯುವುದು ಮೇಲಿನ ಸಡಿಲ ಮರಳು, ಅದರಲ್ಲಿ ಅರ್ಧ ಕಿಲೋಮೀಟರಿಗೇ ಮೀನಖಂಡ ಹಿಡಿಯುತ್ತದೆ. ನಡೆಯುವುದನ್ನು ಕಷ್ಟವೆಂದು ಬಿಟ್ಟವರಲ್ಲಿ ಅರ್ಧ ಜನ ಭರತದ ಹೊತ್ತಿಗೆ ಹೋದವರು.

ಭಾನುವಾರ ಮಲ್ಪೆಯಲ್ಲಿ ಜಾತ್ರೆ. ಸೇತುವೆ ದಾಟಿ ಪಡುಕೆರೆಗೆ ಹೋಗಿ, ಅಲ್ಲಿಂದ ಮಟ್ಟುವಿನವರೆಗಿನ ದಾರಿ ಕಡಲಿಗೂ ಹೊಳೆಗೂ ನಡುವೆ ಸಾಗುತ್ತದೆ, ಸೈಕಲ್ಲಿಗೆ ಹೇಳಿ ಮಾಡಿಸಿದ್ದು. ಉತ್ತರಕ್ಕಾದರೆ ಕೆಮ್ಮಣ್ಣು, ಹೂಡೆ ದಾಟಿ ಕೋಡಿ ಬೆಂಗ್ರೆಯ ತುದಿ. ಹೊಳೆ ಕಡಲು ಸೇರುವ ಅಳಿವೆ ಅಲ್ಲೇ. ಅಳಿವೆಯಲ್ಲಿ ನೀರಿಗಿಳಿಯಬೇಡಿ. ಇಳಿತದಲ್ಲಿ ಹೊಳೆ ನೀರೂ ಕೂಡಿ ಹೊರಕ್ಕೆ ಎಳೆಯುತ್ತದೆ, ಈಜು ಬಲ್ಲವರನ್ನೂ ಬಿಡುವುದಿಲ್ಲ.

ಬೇರೆಡೆಯೂ ತೆರೆಗಳ ಸಾಲನ್ನು ಐದು ನಿಮಿಷ ನೋಡಿಯೇ ಕಾಲಿಡಿ. ಎರಡು ಬದಿ ತೆರೆ ಒಡೆಯುತ್ತಿದ್ದು ನಡುವೆ ಮಾತ್ರ ನೀರು ಕಪ್ಪಾಗಿ, ಸುಮ್ಮನಿರುವಂತೆ ಕಂಡರೆ ಅದೇ ಸೆಳೆತದ ಜಾಗ. ಅರಿಯದವರು ಶಾಂತವಾಗಿದೆ ಎಂದು ಅಲ್ಲೇ ಇಳಿಯುತ್ತಾರೆ. ಸಿಕ್ಕಿಬಿದ್ದರೆ ದಡಕ್ಕೆ ನೇರ ಈಜಬಾರದು, ದಡದ ಉದ್ದಕ್ಕೆ ಈಜಿ ಹೊರಬಂದು ಆಮೇಲೆ ತಿರುಗಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲನ್ನು ದೂರದಿಂದ ನೋಡಿದರೆ ಸಾಕು, ಮಾರಾಯ್ರೆ.

ಸೂರ್ಯ ಮುಳುಗುವ ಹೊತ್ತು ನವೆಂಬರ್ ಕೊನೆಗೆ 6 ಗಂಟೆ, ಮಾರ್ಚ್‌ನಲ್ಲಿ ಆರೂವರೆಯ ಮೇಲೆ, ಜುಲೈಯಲ್ಲಿ 7ರ ಹತ್ತಿರ. ಅರ್ಧ ಗಂಟೆ ಮೊದಲೇ ತಲುಪಿ. ಮುಳುಗಿದ ಕೂಡಲೇ ಜನ ಚಪ್ಪಲಿ ಕೊಡವಿಕೊಂಡು ಹೊರಡುತ್ತಾರೆ, ನೀವು ಏಳಬೇಡಿ. ಮೋಡವಿದ್ದ ದಿನ ನಿಜವಾದ ಬಣ್ಣ ಏರುವುದು ಆಮೇಲಿನ ಹದಿನೈದು ನಿಮಿಷದಲ್ಲಿ. ಸೂರ್ಯ ಕೆಳಗಿಳಿದು ಮೋಡದ ಹೊಟ್ಟೆಗೆ ಬೆಳಕು ಹಾಯಿಸುತ್ತಾನೆ.

ಆ ಹದಿನೈದು ನಿಮಿಷಕ್ಕೆ ಚರುಮುರಿ. ಮನೆಯಿಂದ ಒಯ್ಯುವುದಾದರೆ ಮಂಡಕ್ಕಿಯನ್ನು ಗಾಳಿಯಾಡದ ಡಬ್ಬದಲ್ಲೂ, ಹೆಚ್ಚಿದ ಈರುಳ್ಳಿ-ಟೊಮೆಟೊವನ್ನು ಬೇರೆ ಡಬ್ಬದಲ್ಲೂ ಇಡಿ. ಒಬ್ಬರಿಗೆ ಎರಡು ಹಿಡಿ ಮಂಡಕ್ಕಿ, ಒಂದು ಚಮಚ ತೆಂಗಿನೆಣ್ಣೆ, ಚಿಟಿಕೆ ಮೆಣಸಿನ ಪುಡಿ, ಉಪ್ಪು, ನಾಲ್ಕು ಹನಿ ಲಿಂಬೆ. ಮೊದಲು ಎಣ್ಣೆ-ಖಾರವನ್ನು ಮಂಡಕ್ಕಿಗೆ ಹಿಡಿಸಿ, ನೀರಿರುವ ತರಕಾರಿ ಕೊನೆಗೆ. ಕಲಸಿದ ಮೇಲೆ ಮೂರು ನಿಮಿಷದೊಳಗೆ ತಿಂದು ಮುಗಿಸಬೇಕು, ಕಡಲ ಗಾಳಿಗೆ ಮಂಡಕ್ಕಿ ಅಷ್ಟು ಬೇಗ ಮೆತ್ತಗಾಗುತ್ತದೆ. ಫೋಟೊ ತೆಗೆಯುವವರು ಮೊದಲು ಫೋಟೊ ತೆಗೆದು ಆಮೇಲೆ ಕಲಸಿ.

ರಾತ್ರಿ: ಆಟ

ನವೆಂಬರಿನಿಂದ ಮೇ ತಿಂಗಳ ಕೊನೆಯ ವಾರದ ಪತ್ತನಾಜೆಯವರೆಗೆ, ಅಂದರೆ ತುಳುನಾಡಿನಲ್ಲಿ ಆಟಗಳು ಮುಗಿಯುವ ದಿನದವರೆಗೆ, ಯಕ್ಷಗಾನ ಮೇಳಗಳು ತಿರುಗಾಟದಲ್ಲಿರುತ್ತವೆ. ಹರಕೆ ಬಯಲಾಟಕ್ಕೆ ಟಿಕೆಟ್ ಇಲ್ಲ, ಆಮಂತ್ರಣವೂ ಬೇಡ. ಬಸ್ ನಿಲ್ದಾಣದ ಬ್ಯಾನರ್ ಅಥವಾ ಪತ್ರಿಕೆಯ "ಇಂದಿನ ಯಕ್ಷಗಾನ" ಪಟ್ಟಿ ನೋಡಿ ಹೋಗಿ ಕುಳಿತರಾಯಿತು. ಮರುದಿನ ಕೆಲಸವಿದ್ದರೆ ಕಾಲಮಿತಿಯ ಆಟ ಆರಿಸಿ. ಮಳೆಗಾಲದಲ್ಲಾದರೆ ಸಭಾಂಗಣದ ಆಟ, ಇಲ್ಲವೇ ವೇಷ-ಕುಣಿತವಿಲ್ಲದ ತಾಳಮದ್ದಳೆ ನೋಡಿಕೊಳ್ಳಿ.

ಎದುರಿನ ಸಾಲು ಬೇಡ, ಚೆಂಡೆ ಕಿವಿಗೆ ಬಡಿಯುತ್ತದೆ, ಕುಣಿತದಲ್ಲಿ ಪಾದವೂ ಕಾಣುವುದಿಲ್ಲ. ನಾಲ್ಕೈದನೆಯ ಸಾಲಿನ ನಡುವೆ, ಹಾಡುವ ಭಾಗವತರ ಮುಖ ಕಾಣುವಂತೆ ಕೂರಿ. ಹೊಸಬರು ಪ್ರಸಂಗದ ಕತೆಯನ್ನು ಮೊದಲೇ ಓದಿಕೊಂಡರೆ ಮಾತು ಅರ್ಧ ಹಿಡಿಯದಿದ್ದರೂ ನಷ್ಟವಿಲ್ಲ. ಡಿಸೆಂಬರ್-ಜನವರಿಯಲ್ಲಿ ಇಬ್ಬನಿ ಬೀಳುತ್ತದೆ: ತಲೆಗೊಂದು ಬೈರಾಸು, ಕೂರಲು ಒಂದು ಚಾಪೆ. ಇಡೀ ರಾತ್ರಿಯ ಆಟಕ್ಕೆ ಹೋಗಿ ಹನ್ನೆರಡಕ್ಕೇ ತೂಕಡಿಕೆ ಬಂದರೆ ಅಲ್ಲೇ ಚಾಪೆಯಲ್ಲಿ ಮಲಗಿಬಿಡಿ, ಯಾರೂ ಏನೂ ಅಂದುಕೊಳ್ಳುವುದಿಲ್ಲ. ರಾಕ್ಷಸ ಪಾತ್ರದ ಬಣ್ಣದ ವೇಷ ಬರುವಾಗ ಚೆಂಡೆಯೇ ಎಬ್ಬಿಸುತ್ತದೆ. ಮಂಗಳ ಹಾಡಿದ ಮೇಲೆ ನಿದ್ದೆಗಣ್ಣಲ್ಲಿ ಬೈಕ್ ಹತ್ತಬೇಡಿ. ಬಯಲಿನ ಅಂಚಿನ ಚಾದಂಗಡಿಯಲ್ಲಿ ಒಂದು ಲೋಟ ಬಿಸಿ ಚಾ ಕುಡಿದು, ಮೊದಲ ಬಸ್ಸಿಗೆ ಕಾಯಿರಿ.